ಎದೆಯ ಎತ್ತರದ ಕಲೆ

ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಮೇಲೆ ಮಸಿ ಹರಡುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿರುವ ಕೆಲಸ. ಅಂದು ಸಂಜೆ ಜನರೆದುರು, ಭಾವನ ತಬಲದ ಜೊತೆಗೆ ನಾನು ಚಿತ್ರ ಬರೆಯಬೇಕಿತ್ತು. ಮಧ್ಯಾಹ್ನ ವೇದಿಕೆಯ ಮೇಲೆ ಬಟ್ಟೆ ಬಿಗಿದು ಅಭ್ಯಾಸಕ್ಕೆ ನಿಂತರೆ, ನನ್ನ ಎದೆಯ ಎತ್ತರದಲ್ಲಿ ಅಂಗೈಯಗಲದ ಜಾಗ ಮಾತ್ರ ಮಸಿಯನ್ನು ಹೀರಿ ಗೆರೆಯನ್ನೆಲ್ಲ ಕೆಡಿಸುತ್ತಿತ್ತು. ಮುಟ್ಟಿದರೆ ಅಲ್ಲಿ ಹಸಿ, ತಣ್ಣಗೆ. ಬಟ್ಟೆ ಬದಲಿಸಿದೆ. ತಲೆಕೆಳಗು ಮಾಡಿ ಕಟ್ಟಿದೆ. ಕಲೆ ಮತ್ತೆ ನನ್ನ ಎದೆಯ ಎತ್ತರಕ್ಕೇ ಬಂತು.

"ನೆಲ ಡೊಂಕು ಅಂದವಳ ಕಥೆ ಕೇಳಿದ್ದೆ, ಬಟ್ಟೆ ಡೊಂಕು ಅನ್ನೋನನ್ನ ಈಗ ನೋಡ್ದೆ," ಎಂದರು ಭಾವ. "ಸಂಜೆನೂ ಹೀಗೇ ಆದ್ರೆ ನೀನು ಬೇಡ ಕಣಯ್ಯ, ನನ್ನ ತಬಲ ಒಂದೇ ಸಾಕು."

"ಹಂಗಿಸಿದ್ದು ಸಾಕು, ಚೌಕಟ್ಟು ಹಿಡೀರಿ ಭಾವ!" ಎಂದು ರೇಗಿದೆ.

ಇಬ್ಬರೂ ಚೌಕಟ್ಟನ್ನು ಎತ್ತಿ ವೇದಿಕೆಯ ಇನ್ನೊಂದು ತುದಿಗೆ ಇಟ್ಟೆವು. ಅಲ್ಲಿ ಎಳೆದ ಗೆರೆ ಎಳೆದಲ್ಲೇ ನಿಂತಿತು. ಸಂಜೆಯ ಚಿಂತೆ ಕಳೆಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಕುಂಚವನ್ನು ಮಸಿಯಲ್ಲಿ ಮುಳುಗಿಸಿ ಹಳೆಯ ಜಾಗಕ್ಕೆ ಹೋದೆ. "ತಗೋ, ಕುಡಿ!" ಎಂದು ಎದೆಯ ಎತ್ತರದಲ್ಲಿ ಬರೀ ಗಾಳಿಗೆ ಚಾಚಿದೆ.

ನಗುತ್ತಿದ್ದ ಭಾವ ಹತ್ತಿರ ಬಂದು ಕುಂಚವನ್ನು ಬಗ್ಗಿ ನೋಡಿದರು. ಕುಂಚದ ಕೂದಲು ಹೊಸದರಂತೆ ಒಣಗಿ ಬೆಳ್ಳಗಿತ್ತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.