ಮೂರನೇ ವಾರ್ಡಿನ ಇಂಜೆಕ್ಷನ್ ಕಳವು

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಆಸ್ಪತ್ರೆಯ ಹೆಡ್ ನರ್ಸ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಮೂರನೇ ವಾರ್ಡಿನ ಕಪಾಟಿನಿಂದ ವಾಂತಿ ನಿಲ್ಲಿಸುವ ಇಂಜೆಕ್ಷನ್ನಿನ ಡಬ್ಬಿ ಕಳವಾಗಿತ್ತು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಹಿರಿಯ ಪೇದೆಯೊಡನೆ ಹೊರಟರು.

ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಕಪಾಟು ತೆರೆದೇ ಇರುತ್ತಿತ್ತಂತೆ.

"ನಿದ್ದೆ ಮಾತ್ರೆ, ನೋವಿನ ಇಂಜೆಕ್ಷನ್ ಎಲ್ಲಾ ಹಾಗೇ ಇದೆ ಸಾರ್," ಎಂದ ಪೇದೆ. "ವಾಂತಿ ಔಷಧಿ ಕದಿಯೋ ಕಳ್ಳನ್ನ ನಾನಂತೂ ಕಂಡಿಲ್ಲ. ತಲೆ ಕೆಟ್ಟವನೇ ಇರಬೇಕು."

ಇನ್‌ಸ್ಪೆಕ್ಟರಿಗೆ ಹಾಗೆನ್ನಿಸಲಿಲ್ಲ. ನರ್ಸ್ ಕಡೆ ತಿರುಗಿದರು. "ಕೊನೇಲಿ ಇದನ್ನ ಯಾರಿಗೆ ಕೊಟ್ರಿ?"

"ಕಿಟಕಿ ಪಕ್ಕದ ಟೈಲರ್‌ಗೆ, ನಿನ್ನೆ ಬೆಳಿಗ್ಗೆ. ಸೊಂಟದ ಆಪರೇಷನ್ ಆಗಿತ್ತು. ಪಾರ್ಕಿನ್ಸನ್ ಕಾಯಿಲೆ ಬೇರೆ. ಜೊತೆಗೆ ಅವರ ಅಕ್ಕ ಇದಾರೆ. ಮಾತ್ರೆ ಐದು ನಿಮಿಷ ತಡವಾದ್ರೂ ನಮ್ಮ ಜೀವ ಹಿಂಡ್ತಾರೆ. ಗಡಿಯಾರದಕ್ಕ ಅಂತಾನೇ ಕರೀತೀವಿ."

ಟೈಲರ್ ಕೊರಡಿನಂತೆ ಬಿದ್ದಿದ್ದ. ಕಣ್ಣು ಮಾತ್ರ ಹೊರಳುತ್ತಿತ್ತು. ಮಡಿಲಲ್ಲಿ ಅಲಾರಾಂ ಗಡಿಯಾರ ಇಟ್ಟುಕೊಂಡ ಅಕ್ಕ ಅವನ ಜೊಲ್ಲು ಒರೆಸುತ್ತಿದ್ದರು. ಅಯ್ಯೋ ಪಾಪ ಎನ್ನಿಸದ ಕಲ್ಲುಹೃದಯ ಪೊಲೀಸರಲ್ಲೂ ಇರಲಾರದು.

"ಯಾವಾಗಿಂದ ಹೀಗೆ, ಅಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ಆ ಸೂಜಿ ಚುಚ್ಚಿದ ಮೇಲಿಂದ."

"ಬೇಡ ಅನ್ನಲಿಲ್ವಾ?"

"ಬಾಯಿ ನೋಯೋವಷ್ಟು ಹೇಳ್ದೆ. ಹಿಂದೆ ಇನ್ನೊಂದು ಆಸ್ಪತ್ರೇಲೂ ಇದೇ ಆಗಿತ್ತು. ಒಂದು ಪಾಳಿಯವರು ಹೂಂ ಅಂತಾರೆ, ಇನ್ನೊಂದು ಪಾಳಿಯವರಿಗೆ ಗೊತ್ತೇ ಇರಲ್ಲ. ಗೋಡೆಗೆ ಹೇಳಿದ ಹಾಗೆ. ಸಂಜೆ ಇವನಿಗೆ ಮತ್ತೆ ವಾಕರಿಕೆ ಬಂತು. ಇನ್ನೊಂದು ಚುಚ್ಚಿದ್ರೆ ನುಂಗೋದೂ ನಿಂತುಹೋಗುತ್ತೆ ಅಂತ ಜೀವ ಬಾಯಿಗೆ ಬಂತು ಸಾರ್."

ಕೇಳುವ ಮೊದಲೇ ಅಕ್ಕ ಉಲ್ಲನ್ ಚೀಲ ತೆರೆದರು. ತಳದಲ್ಲಿ ಡಬ್ಬಿಯಿತ್ತು. ಒಳಗಿನ ಒಂದು ಸೀಸೆಯೂ ಒಡೆದಿರಲಿಲ್ಲ.

"ಪಕ್ಕದ ಹಾಸಿಗೆಯವರು ಔಷಧಿ ಸಿಗದೆ ಎಷ್ಟೋ ಹೊತ್ತು ವಾಂತಿ ಮಾಡ್ಕೊಂಡ್ರಂತೆ. ಗೊತ್ತಾ?"

"ಗೊತ್ತು. ಬೇಸಿನ್ ಹಿಡಿದಿದ್ದು ನಾನೇ." ಅಕ್ಕ ತಲೆ ತಗ್ಗಿಸಿದರು. "ತಪ್ಪೇ ಅದು."

ಇನ್‌ಸ್ಪೆಕ್ಟರ್ ಡಾಕ್ಟರನ್ನು ಕರೆಸಿದರು. ಡಾಕ್ಟರ್ ಡಬ್ಬಿಯ ಹೆಸರು ಓದಿ, ರೋಗಿಯನ್ನು ನೋಡಿ ಬೆವರಿದರು. "ಈ ಕಾಯಿಲೆಯವರಿಗೆ ಇದನ್ನ ಕೊಡಲೇಬಾರದಿತ್ತು. ಇವರ ಮಾತ್ರೆಯ ಗುಣಾನೇ ತಡೆಯುತ್ತೆ. ಬದಲಿಗೆ ಬೇರೆ ಔಷಧಿ ಇದೆ."

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಸಾರ್," ಎಂದು ಪೇದೆ ಗೊಣಗಿದ.

ಹಾಸಿಗೆಯ ತಲೆಕಡೆ ಕೆಂಪಕ್ಷರದ ಫಲಕ ಏರಿತು: ಈ ಇಂಜೆಕ್ಷನ್ ಬೇಡ, ಮಾತ್ರೆ ಹೊತ್ತಿಗೆ ಸರಿಯಾಗಿ. ಎಲ್ಲ ಪಾಳಿಯವರಿಗೂ ಕಾಣಬೇಕೆಂದು ಇನ್‌ಸ್ಪೆಕ್ಟರ್ ನಿಂತು ಹಾಕಿಸಿದರು. ಆಮೇಲೆ ಅಕ್ಕನನ್ನು ಬಂಧಿಸಿದರು. ಕಳವು ಕಳವೇ.

"ಬರ್ತೀನಿ," ಎಂದರು ಅಕ್ಕ. "ಆದ್ರೆ ಹನ್ನೆರಡಕ್ಕೆ ಮಾತ್ರೆ ಇದೆ."

ಇನ್‌ಸ್ಪೆಕ್ಟರ್ ಆ ಗಡಿಯಾರವನ್ನು ಪೇದೆಯ ಕೈಗಿತ್ತು, ಅವನನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿದರು. ಠಾಣೆಯಿಂದ ಕರೆಸಿದ ಮಹಿಳಾ ಪೇದೆ ಅಕ್ಕನನ್ನು ಜೀಪು ಹತ್ತಿಸಿದಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಅಕ್ಕನ ಕಣ್ಣು ಗೋಡೆ ಗಡಿಯಾರ ಬಿಟ್ಟು ಕದಲಲಿಲ್ಲ. ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ಬರೆದರು: ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಹನ್ನೆರಡು ದಾಟುತ್ತಲೇ ಫೋನ್ ಬಂತು. "ಸರಿಯಾದ ಹೊತ್ತಿಗೆ ಕೊಟ್ರು ಸಾರ್," ಎಂದ ಪೇದೆ. "ನಿಧಾನಕ್ಕೆ ನುಂಗಿದ್ರು. ಅಕ್ಕಂಗೆ ಹೇಳಿಬಿಡಿ."

ಇನ್‌ಸ್ಪೆಕ್ಟರ್ ಹೇಳಿದರು. ಅಕ್ಕ ಆಗ ಕುರ್ಚಿಗೆ ಒರಗಿ ಅತ್ತರು.