ವಿಚಾರಿಸಾಕ ಬಂದವನು

"ಯಾರ್ರಿ ನೀವು? ಮೂರು ದಿನದಿಂದ ನನ್ನ ಹಿಂದ ಯಾಕ ಬರಾಕತ್ತೀರಿ?"

ರೂಪಾಲಿ ಗಕ್ಕನೆ ಸೈಕಲ್ ಅಡ್ಡ ನಿಲ್ಲಿಸಿದಳು. ಒಂದು ಕಡೆ ಚುಳಕಿನಾಲಾ ಡ್ಯಾಮಿನ ಹಿನ್ನೀರು, ಇನ್ನೊಂದು ಕಡೆ ಮುತ್ತುಗದ ಕಾಡು. ನಡುವಿನ ಕಾಲುದಾರಿಯಲ್ಲಿ ಆ ಅಪರಿಚಿತ ತನ್ನ ಗೇರ್ ಸೈಕಲ್ಲಿನ ಮೇಲೆ ಓಲಾಡುತ್ತಿದ್ದ.

"ಸುಮ್ನ ಬಂದೇನ್ರಿ... ಹವಾ ಚಲೋ ಅದ ಅಂತ..."

ಹವಾ ಅಂತೆ ಹವಾ! ರೂಪಾಲಿಗೆ ಮೈಯೆಲ್ಲ ಉರಿಯಿತು. ನಿನ್ನೆ ಇದೇ ಮನುಷ್ಯ ಚಹಾದಂಗಡಿಯ ಕುಲ್ಸುಮ್ ಬೀ ಹತ್ತಿರ, "ಆ ಸೈಕಲ್ ಮೇಡಂ ಹ್ಯಾಂಗದಾರ್ರಿ?" ಎಂದು ಕೇಳಿದ್ದ. ಆಕೆ ಒಂದಕ್ಷರ ಬಿಡದೆ ರೂಪಾಲಿಗೆ ಮುಟ್ಟಿಸಿದ್ದಳು.

ಗಂಡಿನ ಕಡೆಯವರು ಹುಡುಗಿಯನ್ನು ಗುಟ್ಟಾಗಿ ವಿಚಾರಿಸಲು ಒಬ್ಬರನ್ನು ಕಳಿಸುತ್ತಾರಲ್ಲ, ಇವನು ಅವನೇ! ಹೋದ ವರ್ಷ ಅಂಥವನೊಬ್ಬ, "ಹುಡುಗಿ ಅಡವ್ಯಾಗ ಒಬ್ಬಾಕಿನ ಸೈಕಲ್ ಮ್ಯಾಲ ತಿರುಗ್ತಾಳ" ಎಂದು ಊದಿದ್ದೇ ತಡ, ಸಂಬಂಧ ಮುರಿದಿತ್ತು. "ಈ ಹುಮನಾಬಾದಿನ ಸಂಬಂಧನೂ ತಪ್ಪಿತಂದ್ರ ಸೈಕಲ್ ಮಾರೇ ಬಿಡ್ತೀನಿ" ಎಂದು ಅಪ್ಪ ಗುಡುಗಿದ್ದರು. ಆ ಸಿಟ್ಟಿಗೆ ಅವಳು ಗಂಡಿನ ಫೋಟೊವನ್ನೂ ನೋಡಿರಲಿಲ್ಲ.

'ತಪ್ಪಿದರೆ ಅಪ್ಪ ಮಾರುತ್ತಾನೆ, ಕೂಡಿದರೆ ಗಂಡ ಬಿಡಿಸುತ್ತಾನೆ. ಹೇಗೂ ಹೋಗುವ ಸೈಕಲ್... ಹೇಳಿಯೇ ಬಿಡೋಣ!'

"ಕೇಳಿಸ್ಕೊಳ್ರಿ ಹಂಗಾದ್ರ! ನನಗ ರೊಟ್ಟಿ ಬಡಿಯಾಕ ಬರಂಗಿಲ್ಲ. ಬಾಯಿ ಭಾಳ ಜೋರು. ಸೈಕಲ್ ಅಂತೂ ಬಿಡಂಗಿಲ್ಲ. ಹೋಗಿ ನಿಮ್ಮ ಹುಡುಗಗ ಹೇಳ್ರಿ!"

"ಹೇಳ್ತೀನ್ರಿ," ಎಂದು ಅವನು ನಕ್ಕ.

ಯಾಕೆ ನಕ್ಕ? ಅನುಮಾನ ಇನ್ನೂ ಬಲಿಯಿತು. ಅವಳು ನಾಲಾದ ಇಳಿಜಾರಿಗೆ ಸೈಕಲ್ ಬಿಟ್ಟಳು. ಹಿಂದೆಯೇ ಬಂದ ಪುಣ್ಯಾತ್ಮ ಧಡ್ ಎಂದು ಜಾಲಿ ಮುಳ್ಳಿನ ಕಂಟಿಯೊಳಗೆ ಬಿದ್ದ!

'ನಾಟಕ ಇರಬಹುದು...' ಎರಡು ನಿಮಿಷ ದೂರದಲ್ಲೇ ನಿಂತು ನೋಡಿದಳು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಓಡಿ ಬಂದು ಬಾಟಲಿ ನೀರಿನಿಂದ ಗಾಯ ತೊಳೆದಳು.

"ಸೈಕಲ್ ಹೊಡಿಯಾಕ ಬರಂಗಿಲ್ಲ ಅಂದ್ರ ಯಾಕ ಬರ್ತೀರಿ? ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಕಳಿಸಿಲ್ರಿ. ಕಾಕಾ ವಿಚಾರಿಸಾಕ ಹೊಂಟಿದ್ರು. ಬ್ಯಾಡ, ನಾನ ಹೋಗ್ತೀನಿ ಅಂದೆ... ನಾನು ಹುಮನಾಬಾದಿನ ಓಂಪ್ರಕಾಶ."

ಅಯ್ಯೋ ದೇವರೇ... ಗಂಡೇ!

ನಾಚಿಕೆಯಿಂದ ಮುಖ ಕೆಂಪಾಯಿತು. ಆದರೂ ಅನುಮಾನ ಬಿಡಲಿಲ್ಲ. "ಮತ್ತ ಮನಿಗೆ ಬರೋದು ಬಿಟ್ಟು ಕಳ್ಳರಂಗ ಇಲ್ಲಿ ಯಾಕ?"

"ಮನಿಗೆ ಬಂದ್ರ ನೀವು ತಲಿ ಬಗ್ಗಿಸಿ ಚಹಾ ಕೊಡ್ತಿದ್ರಿ. ಫೋಟೊದಾಗ ನಿಮ್ಮ ಮಾರಿ ಮ್ಯಾಲ ನಗಿನ ಇರಲಿಲ್ರಿ. ಮೊನ್ನಿ ಈ ಇಳಿಜಾರಿನ್ಯಾಗ ನೀವು ಒಬ್ರೇ ನಗಾಕತ್ತಿದ್ರಿ... ಅದನ್ನ ನೋಡಿ ನನಗ ಹೋಗಾಕ ಮನಸ್ಸಾಗಲಿಲ್ಲ. ನಿಮ್ಮನ್ನ ಹೆದರಿಸಿದ್ದು ತಪ್ಪಾತ್ರಿ."

ತನ್ನ ನಗೆಯನ್ನು ಯಾರಾದರೂ ಹುಡುಕಿಕೊಂಡು ಬರುತ್ತಾರೆಂದು ಅವಳು ಅಂದುಕೊಂಡೇ ಇರಲಿಲ್ಲ.

"ಲಗ್ನ ಆದ ಮ್ಯಾಲ ಸೈಕಲ್ ಬಿಡು ಅಂತೀರೇನು? ಖರೇ ಹೇಳ್ರಿ."

"ಮನ್ಯಾಗ ಅಂತಾರ್ರಿ. ಅವ್ವ ಅಂತೂ ಒಂದು ತಿಂಗಳು ಮಾತಾಡಂಗಿಲ್ಲ." ಅವನು ಸುಳ್ಳು ಹೇಳಲಿಲ್ಲ. "ಅದಕ್ಕ ನಾನೂ ಕಲಿಯಾಕತ್ತೇನಿ. ಬಯ್ಯೋದಿದ್ರ ಇಬ್ಬರಿಗೂ ಬಯ್ಯಲಿ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಕರ್ಚೀಫಿನಿಂದ ಅವನ ಮೊಣಕೈ ಕಟ್ಟಿದಳು.

"ಇಳಿಜಾರಿನ್ಯಾಗ ಮುಂದಿನ ಬ್ರೇಕ್ ಒಮ್ಮೆಲೇ ಹಿಡಿಬಾರದ್ರಿ..."

"ಹಿಡಿಯಂಗಿಲ್ರಿ. ಈಗ ಮನಿಗೆ ಹೋಗಿ ಏನು ಹೇಳಲಿ?"

ರೂಪಾಲಿ ಕಣ್ಣೊರೆಸಿಕೊಂಡಳು.

"ಹುಡುಗಿ ಒಪ್ಯಾಳ ಅಂತ ಹೇಳ್ರಿ."