ಖಾಲಿ ಬಿಲ್ಲೆಯ ಗೆರೆ

ಕಂಡಷ್ಟೇ ಹೇಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ರೋಗಿಗಳ ಮೈಯಿಂದ ತೆಗೆದ ಮಾಂಸದ ತುಣುಕಿಗೆ ಅವಗೆಂಪು (ಇನ್‌ಫ್ರಾರೆಡ್) ಕಿರಣ ಹಾಯಿಸಿ ಕ್ಯಾನ್ಸರ್ ಹುಡುಕುತ್ತೇವೆ. ಮೊದಲು ಗಾಜಿನಂಥ ಖಾಲಿ ಬಿಲ್ಲೆಯನ್ನಿಟ್ಟರೆ ಪರದೆಯಲ್ಲಿ ನೇರ ಗೆರೆ ಬರಬೇಕು; ಅದರ ಮೇಲೆ ತುಣುಕಿಟ್ಟಾಗಲೇ ಗೆರೆ ಏರಿಳಿಯುವುದು.

ಅಂದು ನನ್ನ ಅಕ್ಕನ ತುಣುಕನ್ನು ಪರೀಕ್ಷಿಸುವ ಸರದಿ. ಖಾಲಿ ಬಿಲ್ಲೆಯಲ್ಲೇ ಕ್ಯಾನ್ಸರಿನ ಏರಿಳಿತ ಮೂಡಿತು.

"ಬೆರಳು ತಾಗಿಸಿರ್ತೀಯ ಮಹಾರಾಯ್ತಿ, ಬೇರೆ ಇಡು," ಎಂದು ಮೇಲ್ವಿಚಾರಕರು ನನ್ನನ್ನು ಛೇಡಿಸಿದರು.

ಬೇರೆಯದರಲ್ಲೂ ಅದೇ ಬಂತು. ತೆಗೆದಾಗ ಬಿಲ್ಲೆ ಜ್ವರದ ಮೈಯಂತೆ ಬಿಸಿಯಾಗಿತ್ತು. ಮುಟ್ಟಿ ನೋಡಿದ ಮೇಲ್ವಿಚಾರಕರು ಮತ್ತೆ ತಮಾಷೆ ಮಾಡಲಿಲ್ಲ.

ಕೊನೆಗೆ ಅಕ್ಕನ ಎದೆಯ ತುಣುಕನ್ನೇ ಇಟ್ಟೆ. ರೋಗವಿಲ್ಲದ ಮಾಂಸಕ್ಕೂ ಗೆರೆ ಏರಿಳಿಯುತ್ತದೆ. ಇದಕ್ಕೆ ಮಾತ್ರ, ಬಿಲ್ಲೆಯ ಮೇಲೆ ಏನೂ ಇಲ್ಲವೆಂಬಂತೆ, ನೇರ ಗೆರೆ ಬಂತು.

ಹೊರಗೆ ಬೆಂಚಿನ ಮೇಲಿದ್ದ ಅಕ್ಕ, "ಏನಾಯ್ತೇ? ಬಿಸಿಲಲ್ಲಿ ಕೂತ್ರೂ ಚಳಿ ಬಿಡ್ತಿಲ್ಲ ನೋಡು," ಎಂದಳು.

ಆ ಬೇಸಿಗೆ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ತುಣುಕು ನಮ್ಮಲ್ಲೇ ಇದೆ. ಇಂದಿಗೂ ಅದರ ಗೆರೆ ಏಳುವುದಿಲ್ಲ.